ಪದ ಬೇಕು: ಊರ ಹೆಸರಿನ ಬಗ್ಗೆ ಜನ ಹೇಳುವ ಕತೆಗೆ ಏನನ್ನೋಣ? (ನಾಳೆ ಸಂಜೆಯೊಳಗೆ)

ಬರೆದವರು: ಸೀತಾಳೆ

ಎಲ್ಲರಿಗೂ ನಮಸ್ಕಾರ.

ಫಿಲಿಪ್ಪೀನ್ಸಿನ ಊರ ಹೆಸರುಗಳ ಮೇಲೆ ಮಕ್ಕಳಿಗಾಗಿ ಬಂದಿರುವ ಒಂದು ಚಿಕ್ಕ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎಲ್ಲ ಮುಗಿದಿದೆ, ಒಂದು ಪದ ಮಾತ್ರ ಸಿಗುತ್ತಿಲ್ಲ.

ಪುಸ್ತಕದಲ್ಲಿ ಪ್ರತಿ ಊರಿಗೂ ಎರಡು ಭಾಗ. ಮೊದಲನೆಯದು, ಹೆಸರು ಎಲ್ಲಿಂದ ಬಂತು ಅನ್ನುವುದು. ಎರಡನೆಯದು, ಊರಿನವರು ಹೇಳುವ ಕತೆ. ಕಲಾಂಬಾ ಊರಿನದು ನೋಡಿ. ಒಬ್ಬ ಹುಡುಗಿ ನೀರಿನ ಮಡಕೆ, ಮಣ್ಣಿನ ಒಲೆ ಹೊತ್ತು ಬರುತ್ತಿದ್ದಳಂತೆ. ಸ್ಪೇನಿನ ಸಿಪಾಯಿಗಳು ‘ಇದು ಯಾವ ಊರು?’ ಎಂದು ಕೇಳಿದರಂತೆ. ಅವರ ಭಾಷೆ ತಿಳಿಯದ ಹುಡುಗಿ, ಹೊತ್ತಿರುವುದೇನು ಎಂದು ಕೇಳುತ್ತಿದ್ದಾರೆ ಅಂದುಕೊಂಡು ‘ಕಲಾನ್, ಬಂಗಾ’ ಅಂದಳಂತೆ. ಕಲಾನ್ ಒಲೆ, ಬಂಗಾ ಮಡಕೆ. ಅದೇ ಕಲಾಂಬಾ ಆಯಿತಂತೆ. ಊರಲ್ಲಿ ದೊಡ್ಡದೊಂದು ಮಡಕೆಯನ್ನೇ ಕಟ್ಟಿ ನಿಲ್ಲಿಸಿದ್ದಾರೆ.

ಈ ಎರಡನೇ ಭಾಗಕ್ಕೆ ತಲೆಬರಹ ಬೇಕು. ‘ಜನಪದ ನಿರುಕ್ತಿ’ ಎಂದರೆ ಮಕ್ಕಳು ಪುಟ ತಿರುಗಿಸಿಬಿಡುತ್ತಾರೆ. ‘ಕಟ್ಟುಕತೆ’ ಎಂದರೆ ಆ ಊರಿನವರನ್ನು ಸುಳ್ಳುಗಾರರು ಅಂದ ಹಾಗಾಗುತ್ತದೆ. ‘ಐತಿಹ್ಯ’ ಹಾಕಬಹುದೇ? ಪ್ರತಿ ಪುಟದಲ್ಲೂ ಬರುವ ಪದ, ಚಿಕ್ಕದಿರಲಿ.

ಇನ್ನೊಂದು. ಮನಿಲಾದ ಒಂದು ಪೇಟೆಯ ಹೆಸರು ಕ್ವಿಯಾಪೊನೋ, ಕಿಯಾಪೊನೋ?

---

ಬರೆದವರು: ಬೇಗೂರು ಮೇಷ್ಟ್ರು

ಮೇಡಂ, ಇದಕ್ಕೆ ಹೊಸ ಪದ ಯಾಕೆ? ‘ಸ್ಥಳಪುರಾಣ’ ಇದೆಯಲ್ಲ. ನೂರಾರು ವರ್ಷ ಬಳಸಿದ ಪದ. ಮಕ್ಕಳಿಗೂ ಗೊತ್ತು.

ಬೆಂದಕಾಳೂರಿನ ಕತೆಯೂ ಇದೇ ಜಾತಿ. ವೀರಬಲ್ಲಾಳ ಕಾಡಲ್ಲಿ ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು. ಆದರೆ ಬೇಗೂರಿನ ವೀರಗಲ್ಲು ಕ್ರಿ.ಶ. 890ರ ಸುಮಾರಿನದು. ಅದರಲ್ಲೇ ‘ಬೆಂಗಳೂರು ಕಾಳಗ’ ಇದೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಇತ್ತು. ಅಜ್ಜಿ ಕಾಳು ಬೇಯಿಸುವ ಮೊದಲೇ ಊರಿಗೆ ಹೆಸರಿತ್ತು.

---

ಬರೆದವರು: ಅಚ್ಚಗನ್ನಡ

ಸ್ಥಳವೂ ಸಂಸ್ಕೃತ, ಪುರಾಣವೂ ಸಂಸ್ಕೃತ. ಮಕ್ಕಳ ಪುಸ್ತಕಕ್ಕೆ ಇದು ಬೇಡ. ಐತಿಹ್ಯವಂತೂ ಬೇಡವೇ ಬೇಡ, ಅರ್ಧ ಜನ ‘ಇತಿಹಾಸ’ ಅಂದುಕೊಳ್ಳುತ್ತಾರೆ.

‘ಹೆಸರುಹುಟ್ಟು’ ಹಾಕಿ.

---

ಬರೆದವರು: ನಿರುಕ್ತ

> ‘ಹೆಸರುಹುಟ್ಟು’ ಹಾಕಿ.

ಆಗದು. ಹುಟ್ಟು ಮೊದಲನೇ ಭಾಗಕ್ಕೆ ಸರಿ. ಅವರು ಕೇಳಿದ್ದು ಎರಡನೆಯದಕ್ಕೆ. ಪತ್ರ ಓದಿ ಉತ್ತರಿಸಿ.

ಸ್ಥಳಪುರಾಣವೂ ಆಗದು. ಪುರಾಣದಲ್ಲಿ ಊರಿಗೆ ದೇವರು ಬರುತ್ತಾನೆ. ಈ ಕತೆಗಳಲ್ಲಿ ಬರುವುದು ದಾರಿ ಗೊತ್ತಿಲ್ಲದ ಸಿಪಾಯಿ.

ಕಿಯಾಪೊ. ಸ್ಪ್ಯಾನಿಷ್ ಕಾಗುಣಿತದಲ್ಲಿ ಅಲ್ಲಿ ‘ಕ್ವಿ’ ಇಲ್ಲ, ‘ಕಿ’.

---

ಬರೆದವರು: ಹಡಗಿನವ

ನಾನು ಭಾಷಾಪಂಡಿತ ಅಲ್ಲ. ಇಪ್ಪತ್ತು ವರ್ಷ ಸರಕು ಹಡಗಿನಲ್ಲಿ ದುಡಿದವನು. ಯಾವ ಹಡಗು ಹತ್ತಿದರೂ ಅರ್ಧ ಜನ ಫಿಲಿಪ್ಪೀನ್ಸಿನವರೇ. ರಾತ್ರಿ ಪಾಳಿಯಲ್ಲಿ ಊರಿನ ಕತೆ ಬಿಟ್ಟರೆ ಬೇರೆ ಏನಿರುತ್ತೆ? ಹಾಗಾಗಿ ಇವೆಲ್ಲ ಕೇಳಿ ಗೊತ್ತು.

ಕಿಯಾಪೊ ಅಂದರೆ ಏನು ಅಂತ ಕೇಳಿದ್ದಕ್ಕೆ ಒಬ್ಬ ಫೋನಿನಲ್ಲಿ ಚಿತ್ರ ತೋರಿಸಿದ. ನೋಡಿದರೆ ನಮ್ಮ ಅಂತರಗಂಗೆ! ಕೆರೆ ಮೇಲೆ ಪುಟ್ಟ ಎಲೆಕೋಸಿನ ಹಾಗೆ ತೇಲುತ್ತಲ್ಲ, ಅದೇ. ಮೇಡಂ, ಪುಸ್ತಕದಲ್ಲಿ ಸುಮ್ನೆ ‘ಒಂದು ಬಗೆಯ ನೀರಿನ ಸಸ್ಯ’ ಅಂತ ಬರೆಯಬೇಡಿ. ಅಂತರಗಂಗೆ ಅನ್ನಿ. ಆಂತಿಪೊಲೊ ಊರಿನ ತಿಪೊಲೊ ಮರವೂ ಹಾಗೇ, ನಮ್ಮ ಜೀಗುಜ್ಜೆಯ ದಾಯಾದಿ. ಘಟ್ಟದ ಮೇಲಿನವರಿಗೆ ಜೀಗುಜ್ಜೆ ಗೊತ್ತಾಗದಿದ್ದರೆ ದೀವಿಹಲಸು ಅನ್ನಿ.

ಅವರ ಹೆಸರುಗಳಲ್ಲಿ ಮುಕ್ಕಾಲು ಪಾಲು ಬಹಳ ಸರಳ ಇವೆ. ಆಸಿನ್ ಅಂದರೆ ಉಪ್ಪು, ಪಂಗಾಸಿನಾನ್ ಅಂದರೆ ಉಪ್ಪು ಮಾಡುವ ಜಾಗ. ನಮ್ಮ ಉಪ್ಪಿನಂಗಡಿಯವರು ಕೇಳಿದರೆ ನಗುತ್ತಾರೆ. ಪಂಪಾಂಗ್ ಹೊಳೆದಂಡೆ, ಅದರಿಂದ ಪಂಪಾಂಗಾ. ಬುಲಾಕ್ ಹತ್ತಿ, ಅದರಿಂದ ಬುಲಕಾನ್. ಬಾಗಿವ್ ಅಂದರೆ ಪಾಚಿ, ಅದರಿಂದ ಬಾಗಿಯೋ. ಕಾವಿತ್ ಅಂದರೆ ಕೊಕ್ಕೆ. ಸಮುದ್ರದೊಳಗೆ ಕೊಕ್ಕೆಯ ಹಾಗೆ ಚಾಚಿದ ನೆಲ ಅದು. ಸ್ಪೇನಿನವರ ಬಾಯಲ್ಲಿ ಕಾವಿತೆ ಆಯಿತು. 1898ರ ಜೂನ್ 12ರಂದು ಅವರು ಸ್ವಾತಂತ್ರ್ಯ ಸಾರಿದ್ದು ಆ ಕಾವಿತ್ ಊರಲ್ಲೇ.

ಇಷ್ಟು ನೇರ ಹೆಸರು ಇದ್ದರೂ ಕತೆ ಕಟ್ಟದೆ ಬಿಡುವುದಿಲ್ಲ ಅವರು. ತಗಾಯ್ತಾಯ್ ಅಂದರೆ ಬೆಟ್ಟದ ಏಣು, ಅಷ್ಟೇ. ಆದರೆ ಹೇಳುವುದು ಏನು? ಅಪ್ಪ ಮಗ ಕಾಡುಹಂದಿ ಬೇಟೆಗೆ ಹೋದರು, ಹಂದಿ ಅಪ್ಪನ ಮೇಲೆ ನುಗ್ಗಿತು, ಮಗ ‘ತಗಾ, ಇತಾಯ್!’ ಅಂತ ಕೂಗಿದ. ‘ಕಡಿ, ಅಪ್ಪಾ!’ ಅಂತ. ಅದನ್ನೇ ಊರು ಮಾಡಿಕೊಂಡರು.

---

ಬರೆದವರು: ಬೇಗೂರು ಮೇಷ್ಟ್ರು

ಹಡಗಿನವರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಮುಖ್ಯವಾದ ಮನಿಲಾವನ್ನೇ ಬಿಟ್ಟಿರಿ. ‘ಮೇ’ ಎಂದರೆ ಇರುವ, ಉಳ್ಳ. ‘ನಿಲಾ’ ನಮ್ಮ ನೀಲವೇ. ನೀಲಿ ಗಿಡ ಇರುವ ಜಾಗ. ಸಂಸ್ಕೃತದ ಪದ ಅಷ್ಟು ದೂರ ಹೋಗಿ ಒಂದು ರಾಜಧಾನಿಯ ಹೆಸರಾಗಿ ಕೂತಿದೆ.

---

ಬರೆದವರು: ಅಚ್ಚಗನ್ನಡ

ಮತ್ತೆ ಸಂಸ್ಕೃತ. ಮನಿಲಾದವರನ್ನೇ ಕೇಳಿ, ನಿಲಾದ್ ಎಂಬ ಗಿಡದಿಂದ ಬಂತು ಅನ್ನುತ್ತಾರೆ. ಹೊಳೆಯಂಚಿನ ಗಿಡ, ಅವರದೇ ಪದ. ಅಲ್ಲಿ ನೀರು ಸರಬರಾಜು ಮಾಡುವ ಕಂಪನಿಯ ಹೆಸರೇ ಮೇನಿಲಾದ್. ನೀಲಿ ಗಿಡಕ್ಕೆ ಅವರಲ್ಲಿ ‘ತಾಯುಂ’ ಎಂಬ ಸ್ವಂತ ಪದ ಇರುವಾಗ ನೀಲ ಯಾಕೆ ತರಬೇಕಿತ್ತು? ಎಲ್ಲರೂ ನಮ್ಮಿಂದಲೇ ಸಾಲ ಪಡೆದರು ಎನ್ನುವ ಚಟ ಬಿಡಬೇಕು.

---

ಬರೆದವರು: ನಿರುಕ್ತ

ಸ್ವಂತ ಪದ ಇದ್ದರೂ ಜನ ಎರವಲು ತರುತ್ತಾರೆ. ನಿಮ್ಮ ಮನೆಯಲ್ಲಿ ‘ಬಾನು’ ಇದ್ದೂ ‘ಆಕಾಶ’ ಅನ್ನುವುದಿಲ್ಲವೇ?

ನಿಲಾದ್ ವಾದದ ತೊಂದರೆ ಬೇರೆ. ಕೊನೆಯ ದಕಾರ ಎಲ್ಲಿ ಹೋಯಿತು? ಮನಿಲಾ ಸೀಮೆಯ ತಗಾಲೋಗ್ ಭಾಷೆಯಲ್ಲಿ ಪದದ ಕೊನೆಯ ದಕಾರ ಹಾಗೆ ಸುಮ್ಮನೆ ಬಿದ್ದುಹೋಗುವುದಿಲ್ಲ. ಸ್ಪೇನಿನ ದಂಡನಾಯಕ ಲೆಗಾಸ್ಪಿ 1571ರಲ್ಲಿ ಅಲ್ಲಿ ಸ್ಪೇನಿನ ನಗರ ಕಟ್ಟಿದ. ಆ ಕಾಲದ ಬರಹಗಳಲ್ಲೂ ದಕಾರ ಇಲ್ಲದ ಮನಿಲಾವೇ ಇರುವುದು. ಕಂಪನಿಯ ಹೆಸರು ಪುರಾವೆ ಅಲ್ಲ. ಬೆಂದಕಾಳೂರು ಅಂತ ಹೋಟೆಲಿಗೆ ಹೆಸರಿಟ್ಟರೆ ಅಜ್ಜಿಯ ಕತೆ ನಿಜವಾಗುತ್ತದೆಯೇ?

---

ಬರೆದವರು: ಅಚ್ಚಗನ್ನಡ

ಸರಿ, ನೀಲ ನಿಮಗಿರಲಿ. ಕೋತಬಾತೊಗೆ ಏನು ಹೇಳುತ್ತೀರಿ? ‘ಕುತಾ ವಾತೊ’, ಕಲ್ಲಿನ ಕೋಟೆ. ಕುತಾ ನಮ್ಮ ಕೋಟೆ! ಇದನ್ನು ಯಾರೂ ಎತ್ತಿ ಆಡುವುದಿಲ್ಲ. ಚಿತ್ರದುರ್ಗಕ್ಕೂ ಕಲ್ಲಿನ ಕೋಟೆ ಅಂತಲೇ ಹೇಳುವುದು. ಅಚ್ಚಗನ್ನಡದ ಪದ ಮಿಂದನಾವ್ ದ್ವೀಪದ ತನಕ ಹೋಗಿದೆ. ಮೇಡಂ, ಇದನ್ನು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

---

ಬರೆದವರು: ಹಡಗಿನವ

ಎಲ್ಲರೂ ನಮ್ಮಿಂದಲೇ ಸಾಲ ಪಡೆದರು ಎನ್ನುವ ಚಟ ಬಿಡಬೇಕು ಅಂತ ಈಗಷ್ಟೇ ಯಾರೋ ಬರೆದಿದ್ದರು. ಯಾರಪ್ಪಾ ಅದು?

---

ಬರೆದವರು: ನಿರುಕ್ತ

ಕೋಟೆ ದ್ರಾವಿಡ ಮೂಲದ್ದು ಎಂದು ಹೆಚ್ಚಿನವರು ಒಪ್ಪುತ್ತಾರೆ. ಅಲ್ಲಿಂದ ಸಂಸ್ಕೃತಕ್ಕೆ ಹೋಯಿತು, ಮಲಯ ಭಾಷೆಯಲ್ಲಿ ‘ಕೋತಾ’ ಆಯಿತು, ಆ ದಾರಿಯಲ್ಲಿ ಮಿಂದನಾವ್ ಸೇರಿತು. ಹಾಗಾಗಿ ದ್ರಾವಿಡ ಅನ್ನಬಹುದು. ಕನ್ನಡದಿಂದಲೇ ಹೋಯಿತು ಅನ್ನಲು ಆಧಾರ ಇಲ್ಲ. ದಪ್ಪ ಅಕ್ಷರ ಬೇಡ.

---

ಬರೆದವರು: ಬೇಗೂರು ಮೇಷ್ಟ್ರು

ನಾಗಾ ಎಂಬ ಊರೂ ಇದೆಯಲ್ಲ? ನಾಗಾರಾಧನೆ ಅಲ್ಲಿಗೂ ಹೋಗಿರಬೇಕು.

---

ಬರೆದವರು: ನಿರುಕ್ತ

ಮರ, ಮೇಷ್ಟ್ರೇ. ಅಲ್ಲಿಯ ಬಿಕೋಲ್ ಮಾತಿನಲ್ಲಿ ನಾಗಾ ಒಂದು ಮರ. ಬೇರೆ ಕಡೆ ಅದಕ್ಕೇ ನಾರಾ ಅನ್ನುತ್ತಾರೆ. ನಮ್ಮ ಹೊನ್ನೆ ಮರದ ಕುಟುಂಬ. ಊರ ಹೆಸರು ಅದರಿಂದ ಬಂತೆಂದು ಅಲ್ಲಿನವರೇ ಹೇಳುವುದು. ಹಾವು ಬಿಡಿ.

---

ಬರೆದವರು: ಬೇಗೂರು ಮೇಷ್ಟ್ರು

ಬಿಟ್ಟೆ. ಆದರೆ ನಾನು ಹೇಳಬೇಕಾದ ಒಂದು ಮಾತಿದೆ, ಅದನ್ನು ಕೇಳಿ ಆಮೇಲೆ ಬೈಯಿರಿ.

1989ರಲ್ಲಿ ಲಗೂನಾ ಪ್ರಾಂತದ ಒಂದು ಹೊಳೆಯ ಬಾಯಲ್ಲಿ ಮರಳು ತೆಗೆಯುವಾಗ ಒಂದು ತಾಮ್ರಪಟ ಸಿಕ್ಕಿತು. ಬರಹ ಜಾವಾದ ಹಳೆಯ ‘ಕವಿ’ ಎಂಬ ಲಿಪಿಯದು, ನಮ್ಮ ದಕ್ಷಿಣದ ಪಲ್ಲವ ಲಿಪಿಯ ಮೊಮ್ಮಗು. ಭಾಷೆ ಹಳೆಯ ಮಲಯ. ಆದರೆ ಶುರುವಾಗುವುದು ಹೇಗೆ ಗೊತ್ತೇ? ‘ಸ್ವಸ್ತಿ’ ಎಂದು! ಆಮೇಲೆ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ನಮ್ಮ ಯಾವುದೋ ದೇವಸ್ಥಾನದ ಗೋಡೆ ಓದಿದ ಹಾಗೆ ಇದೆ. ವಿಷಯ ಒಬ್ಬನ ಸಾಲ ಮನ್ನಾ ಮಾಡಿದ್ದು. ಚಿನ್ನದ ಲೆಕ್ಕ ‘ಸುವರ್ಣ’ದಲ್ಲಿದೆ. ಆಂಟೂನ್ ಪೋಸ್ಟ್ಮಾ ಎಂಬ ಡಚ್ ವಿದ್ವಾಂಸರು ಇದನ್ನು ಓದಿದರು.

ಶಕ 822 ಎಂದರೆ ಕ್ರಿ.ಶ. 900. ಬೇಗೂರಿನ ಕಲ್ಲಿಗೂ ಇದಕ್ಕೂ ಹತ್ತು ವರ್ಷದ ಅಂತರ! ಆ ಪಟದಲ್ಲಿ ‘ತುಂದುನ್’ ಎಂಬ ಊರಿದೆ. ಅದೇ ಇಂದಿನ ತೊಂದೊ, ಮನಿಲಾದೊಳಗಿನ ಕಿಕ್ಕಿರಿದ ಬಡಾವಣೆ. ಸ್ಪೇನಿನವರು ಬರುವುದಕ್ಕೆ ಆರು ಶತಮಾನ ಮೊದಲೇ ಊರಿತ್ತು, ಹೆಸರಿತ್ತು, ಸಾಲದ ಪತ್ರ ಬರೆಯುವವರೂ ಇದ್ದರು.

---

ಬರೆದವರು: ನಿರುಕ್ತ

ಇದಕ್ಕೆ ಬೈಯುವುದಿಲ್ಲ. ಇದು ಮೇಡಂ ಕೇಳಿದ್ದಕ್ಕೂ ಸೇರುತ್ತದೆ.

ಆ ಕತೆಗಳಲ್ಲೆಲ್ಲ ಸ್ಪೇನಿನವನು ಕೇಳುತ್ತಾನೆ, ಊರಿನವನು ಬೇರೆ ಯಾವುದಕ್ಕೋ ಉತ್ತರ ಕೊಡುತ್ತಾನೆ. ಮಕಾತಿ ಊರಿನದೂ ಅದೇ. ಹೊಳೆ ತೋರಿಸಿ ಹೆಸರು ಕೇಳಿದರೆ ‘ಇಳಿತ ಶುರುವಾಯಿತು’ ಅಂದರಂತೆ. ದೊಡ್ಡ ದ್ವೀಪ ಲುಸೋನಿಗೂ ಇದೇ ಕತೆ, ಲುಸೋಂಗ್ ಅಂದರೆ ಭತ್ತ ಕುಟ್ಟುವ ಒರಳು. ಯಾಕೆ ಯಾವಾಗಲೂ ಸಿಪಾಯಿಯೇ ಬರಬೇಕು? ನನಗೆ ಅನಿಸುವುದು ಇಷ್ಟು. ಈಗಿರುವ ಕಾಗುಣಿತ ಸ್ಪೇನಿನ ಕಡತದಿಂದ ಬಂದದ್ದು. ಹೆಸರು ಬರೆದುಕೊಂಡವನನ್ನೇ ಹೆಸರು ಇಟ್ಟವನು ಅಂತ ಜನ ಎಣಿಸಿದರು. ತಾಮ್ರಪಟ ಅದನ್ನು ಸುಳ್ಳು ಮಾಡುತ್ತದೆ, ಆದರೆ ತಾಮ್ರಪಟವನ್ನು ಯಾರು ಓದುತ್ತಾರೆ?

---

ಬರೆದವರು: ಹಡಗಿನವ

ಕಡತ ಅಂದಿರಿ, ನೆನಪಾಯಿತು. 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೆರಿಯಾ ಎಲ್ಲರಿಗೂ ಅಡ್ಡಹೆಸರು ಇಟ್ಟುಕೊಳ್ಳಬೇಕು ಅಂತ ಹುಕುಂ ಮಾಡಿ, ಹೆಸರುಗಳ ಪಟ್ಟಿಯನ್ನೇ ಕಳಿಸಿದ. ಕೆಲವು ಊರಿಗೆ ಒಂದೇ ಅಕ್ಷರದ ಹಾಳೆ ಸಿಕ್ಕಿತು. ಆಲ್ಬಾಯ್ ಪ್ರಾಂತದ ಓಆಸ್ ಊರಿನಲ್ಲಿ ಇವತ್ತಿಗೂ ಬಹಳ ಜನರ ಅಡ್ಡಹೆಸರು ರಕಾರದಿಂದಲೇ ಶುರು. ನಮ್ಮ ಉತ್ತರ ಕರ್ನಾಟಕದಲ್ಲಿ ಊರ ಹೆಸರೇ ಅಡ್ಡಹೆಸರಾಗುತ್ತೆ. ಅಲ್ಲಿ ಅಡ್ಡಹೆಸರಿನ ಮೊದಲ ಅಕ್ಷರ ನೋಡಿ ಊರು ಹೇಳಬಹುದು.

---

ಬರೆದವರು: ಸೀತಾಳೆ

ಎಲ್ಲರಿಗೂ ಧನ್ಯವಾದ. ಅಂತರಗಂಗೆ, ದೀವಿಹಲಸು ಎರಡನ್ನೂ ಸೇರಿಸಿಕೊಂಡೆ. ಆದರೆ ನನ್ನ ಪದ? ಮಧ್ಯಾಹ್ನ ಮೂರು ಗಂಟೆ ಆಯಿತು. ಅಚ್ಚುಮನೆಯವರು ಎರಡು ಸಲ ಫೋನ್ ಮಾಡಿದರು.

---

ಬರೆದವರು: ಹಡಗಿನವ

ಮೇಡಂ, ನಿಮ್ಮ ಮೊದಲ ಪತ್ರದಲ್ಲೇ ಪದ ಇದೆ. ಕಲಾಂಬಾದ ಕತೆ ಹೇಳುವಾಗ ನಾಲ್ಕು ಸಲ ಬಳಸಿದ್ದೀರಿ. ಬರುತ್ತಿದ್ದಳಂತೆ, ಕೇಳಿದರಂತೆ, ಅಂದಳಂತೆ, ಆಯಿತಂತೆ. ‘ಅಂತೆ’! ನಿಜ ಅಂತಲೂ ಹೇಳಿದ ಹಾಗಾಗಲ್ಲ, ಸುಳ್ಳು ಅಂತಲೂ ಅಲ್ಲ. ಕೇಳಿದ್ದು, ಅಷ್ಟೇ. ‘ಅಂತೆಕತೆ’ ಅನ್ನಿ. ಮಕ್ಕಳಿಗೆ ಬಾಯಿಗೂ ಮಜಾ.

---

ಬರೆದವರು: ಬೇಗೂರು ಮೇಷ್ಟ್ರು

ಅಂತೆ ಕಂತೆ ಎಂದರೆ ಗಾಳಿಸುದ್ದಿ. ಸ್ವಲ್ಪ ಹಗುರವಾಯಿತು, ಅಲ್ವಾ? ನನ್ನ ಮತ ಸ್ಥಳಪುರಾಣಕ್ಕೇ.

---

ಬರೆದವರು: ನಿರುಕ್ತ

ಕಂತೆ ಸೇರಿದರೆ ಗಾಳಿಸುದ್ದಿ. ಬರೀ ‘ಅಂತೆ’ಗೆ ಆ ದೋಷ ಇಲ್ಲ. ಬೇರೆ ಎಷ್ಟೋ ಭಾಷೆಗಳಲ್ಲಿ ಇದನ್ನು ಹೇಳಲು ಒಂದು ವಾಕ್ಯವೇ ಬೇಕು, ನಮಗೆ ಎರಡು ಅಕ್ಷರ ಸಾಕು. ಹಾಕಿ. ಮೊದಲನೇ ಭಾಗಕ್ಕೆ ‘ಬೇರು’, ಎರಡನೆಯದಕ್ಕೆ ‘ಅಂತೆಕತೆ’.

---

ಬರೆದವರು: ಸೀತಾಳೆ

‘ಬೇರು’, ‘ಅಂತೆಕತೆ’. ಫೈಲ್ ಕಳಿಸಿದೆ. ಎಲ್ಲರಿಗೂ ನಮಸ್ಕಾರ.

---

ಬರೆದವರು: ಅಚ್ಚಗನ್ನಡ

ಆದೇಶ ಸಂಧಿ ಎಲ್ಲಿ? ಹೊಸಗನ್ನಡ, ಅಚ್ಚಗನ್ನಡ ಅನ್ನುವ ಹಾಗೆ ‘ಅಂತೆಗತೆ’ ಆಗಬೇಕು. ಕ ಅಲ್ಲ, ಗ. ಅಚ್ಚು ನಿಲ್ಲಿಸಲು ಹೇಳಿ.

---

ಬರೆದವರು: ಬೇಗೂರು ಮೇಷ್ಟ್ರು

‘ಕತೆ’ಯೇ ಸಂಸ್ಕೃತದ ‘ಕಥಾ’ದಿಂದ ಬಂದದ್ದು, ಸ್ವಾಮಿ. ಅದಕ್ಕೆ ನಿಮ್ಮ ಅಚ್ಚಗನ್ನಡದ ಸಂಧಿ ಯಾಕೆ?

---

ಬರೆದವರು: ಸೀತಾಳೆ

ಅಚ್ಚು ಶುರುವಾಗಿದೆಯಂತೆ.