ಸಹಾಯ ಬೇಕು: ಕಾರಿನ ರಬ್ಬರ್ ಬೀಡಿಂಗ್, ಡ್ಯಾಶ್‌ಬೋರ್ಡ್‌ಗೆ ಏನು ಹಚ್ಚೋದು?

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ, 2011ರ ವ್ಯಾಗನ್ ಆರ್. ಗಾಡಿ ನಿಲ್ಲೋದು ಬಿಸಿಲಲ್ಲೇ. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ಮಾಮೂಲು. ಡ್ರೈವರ್ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಮೇಲೆ ಬೆರಳಾಡಿಸಿದರೆ ಕಪ್ಪು ಪುಡಿ ಅಂಟುತ್ತೆ, ಮೂಲೆಯಲ್ಲಿ ಕೂದಲೆಳೆಯಂಥ ಬಿರುಕುಗಳು.

ಅಂಗಡಿಯಲ್ಲಿ ತೋರಿಸಿದ ಪಾಲಿಶ್‌ಗೆ ಸೀಮೆಎಣ್ಣೆ ವಾಸನೆ ಇತ್ತು, ಬೇಡ ಅಂದೆ. ಸೀಮೆಎಣ್ಣೆಯಂಥ ಪೆಟ್ರೋಲಿಯಂ ದ್ರಾವಕಕ್ಕೆ ಬಾಗಿಲಿನ ರಬ್ಬರ್ ಉಬ್ಬುತ್ತೆ. ತೆಂಗಿನೆಣ್ಣೆ ಹಚ್ಚಿದರೆ ನಮ್ಮೂರ ಧೂಳೆಲ್ಲ ಅಲ್ಲೇ ಕೂರುತ್ತೆ. ನೀರಿನ ಬೇಸ್ ಇರೋ, ಬಿಸಿಲಿನ ಯುವಿ ಕಿರಣ ತಡೆಯೋ, ಹೊಳಪಿಲ್ಲದ್ದು ಬೇಕು. ಡ್ಯಾಶ್‌ಬೋರ್ಡ್ ಮಿರಮಿರ ಅಂದರೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದು ರಸ್ತೆ ಸರಿಯಾಗಿ ಕಾಣಲ್ಲ.

303 ಪ್ರೊಟೆಕ್ಟೆಂಟ್ ಅನ್ನೋ ಇಂಥ ಸ್ಪ್ರೇ ಬಳಸಿದವರಿದ್ದೀರಾ? ಈ ಬಿಸಿಲಿಗೆ ಎಷ್ಟು ವಾರ ತಡೆಯುತ್ತೆ? ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ಸಾಕಾ, ಇಲ್ಲ ಬಿರುಕು ಬಿಟ್ಟಿದ್ದನ್ನ ಬದಲಾಯಿಸೋದೇ ಒಳ್ಳೇದಾ? ಬೇಸಿಗೆ ಶುರುವಾಗೋ ಮುಂಚೆ ಮಾಡಿಸಬೇಕು, ದಯವಿಟ್ಟು ತಿಳಿಸಿ.