ಒಟ್ಟಾಗಿ ಓದಲು ‘ಕಾಲ’ದ ಕುರಿತ ಪುಸ್ತಕಗಳು: ಯಾವ ಅಳತೆಯಿಂದ ಆರಿಸುವುದು?

ಪ್ರಶ್ನೆ

ಸ್ನೇಹಿತರೆ, ಮೈಸೂರಿನ ನಮ್ಮ ಓದುಬಳಗ ಈ ಸಲ ಜನವರಿಯಿಂದ ಜೂನ್‌ವರೆಗೆ ‘ಕಾಲ’ ಎಂಬ ಒಂದೇ ವಿಷಯವನ್ನು ಹಿಡಿದು, ತಿಂಗಳಿಗೊಂದು ಪುಸ್ತಕದಂತೆ ಎಲ್ಲರೂ ಒಟ್ಟಿಗೆ ಓದಿ ಮುಗಿಸುವ ಪಣ ತೊಟ್ಟಿದೆ. ಸದಸ್ಯರ ಸಲಹೆಗಳನ್ನು ಕೇಳಿದಾಗ ಬಂದ ಪಟ್ಟಿಯಲ್ಲಿ ಬಹುಪಾಲು ಐತಿಹಾಸಿಕ ಕಾದಂಬರಿಗಳೇ ಇದ್ದವು. ಉಳಿದವು ಸಮಯವನ್ನು ಉಳಿಸುವುದು ಹೇಗೆಂದು ಹೇಳಿಕೊಡುವ ಕೈಪಿಡಿಗಳು ಮತ್ತು ಸ್ಟೀಫನ್ ಹಾಕಿಂಗ್ ಅವರ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’. ಹಿಂದೆಂದೋ ನಡೆದ ಕಥೆಯೆಲ್ಲವೂ ಕಾಲದ ಕುರಿತ ಪುಸ್ತಕವಾಗುತ್ತದೆಯೆ ಎಂಬ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಬಳಗದಲ್ಲಿ ಕನ್ನಡವನ್ನಷ್ಟೇ ಸರಾಗವಾಗಿ ಓದುವ ಹಿರಿಯರೂ ಇರುವುದರಿಂದ ಇಂಗ್ಲಿಷ್ ಪುಸ್ತಕಗಳನ್ನೇ ಸಾಲಾಗಿ ಇಡುವಂತಿಲ್ಲ. ಆಯ್ಕೆಗೆ ಯಾವ ಅಳತೆ ಸರಿಯೆಂದು, ಸಾಧ್ಯವಾದರೆ ಉದಾಹರಣೆಗಳ ಸಹಿತ, ತಿಳಿಸುವಿರಾ?

ಮೊದಲ ಉತ್ತರ

ನಾನು ಬಳಸುವ ಅಳತೆ ಸರಳವಾದದ್ದು. ಕಥೆಯನ್ನು ಬೇರೊಂದು ಶತಮಾನಕ್ಕೆ ಎತ್ತಿಟ್ಟರೂ, ಘಟನೆಗಳನ್ನು ನೇರ ಅನುಕ್ರಮದಲ್ಲಿ ಹೇಳಿದರೂ ಪುಸ್ತಕಕ್ಕೆ ಹೆಚ್ಚಿನ ನಷ್ಟವಾಗದಿದ್ದರೆ ಅಲ್ಲಿ ಕಾಲವು ಬರಿಯ ಹಿನ್ನೆಲೆ, ಅದನ್ನು ಕೈಬಿಡಬಹುದು. ಈ ಪರೀಕ್ಷೆಗೆ ಒಡ್ಡಿದರೆ ನಿಮ್ಮ ಪಟ್ಟಿಯ ಬಹಳಷ್ಟು ಐತಿಹಾಸಿಕ ಕಾದಂಬರಿಗಳು ತಾವಾಗಿಯೇ ಹೊರಗುಳಿಯುತ್ತವೆ. ಕೈಪಿಡಿಗಳ ವಿಚಾರ ಬಿಡಿ, ಅವು ಕಚೇರಿಯ ಕಪಾಟಿನಲ್ಲೇ ಇರಲಿ.

ಮೊದಲ ತಿಂಗಳಿಗೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಇರಲಿ. ಮೊಮ್ಮಗ ಸುಬ್ಬರಾಯ ತಂದುಕೊಡುವ ಹಳೆಯ ವಸ್ತುಗಳನ್ನು ಕೈಯಲ್ಲಿ ಹಿಡಿದ ಅಜ್ಜಿಗೆ ಸಾವಿರಾರು ವರ್ಷಗಳ ಹಿಂದಿನ ಬದುಕು ಕಣ್ಣಿಗೆ ಕಟ್ಟುತ್ತದೆ. ಬಾಲವಿಧವೆಯಾಗಿ ಒಂದೇ ಮನೆಯಲ್ಲಿ ಬಾಳು ಕಳೆದವಳ ಮನಸ್ಸಿನಲ್ಲಿ ದೇವರು, ಮದುವೆ, ಸಾವುಗಳ ಕುರಿತ ನಂಬಿಕೆಗಳು ಯುಗದಿಂದ ಯುಗಕ್ಕೆ ಹೇಗೆ ಬದಲಾದವು ಎಂಬುದು ತೆರೆದುಕೊಳ್ಳುವ ರೀತಿಯನ್ನು ನೋಡಿದರೆ, ಕಾಲಯಾನಕ್ಕೆ ಯಂತ್ರವೇ ಬೇಕೆಂದು ವಾದಿಸುವುದು ಕಷ್ಟ. ಪುಸ್ತಕ ದೊಡ್ಡದಲ್ಲ, ಚರ್ಚೆಗೆ ಮಾತ್ರ ಒಂದು ಭಾನುವಾರ ಸಾಲದು.

ಭೈರಪ್ಪನವರ ‘ಪರ್ವ’ (1979) ಕೂಡ ಈ ಅಳತೆಗೆ ನಿಲ್ಲುತ್ತದೆ, ಆದರೆ ಅದು ಮಹಾಭಾರತದ ಕಾಲದ ಕಥೆಯೆಂಬ ಕಾರಣಕ್ಕಲ್ಲ. ಯುದ್ಧದ ಸಿದ್ಧತೆಯ ವರ್ತಮಾನದಲ್ಲಿ ಕುಳಿತು ಒಬ್ಬೊಬ್ಬ ಪಾತ್ರವೂ ತನ್ನ ಇಡೀ ಬದುಕನ್ನು ನೆನೆಯುವ ಆ ಕಟ್ಟಡವನ್ನು ತೆಗೆದರೆ ಕಾದಂಬರಿಯೇ ಉಳಿಯುವುದಿಲ್ಲ. ಗಾತ್ರ ದೊಡ್ಡದಾದ್ದರಿಂದ ಅದಕ್ಕೆ ಎರಡು ತಿಂಗಳು ಕೊಡಿ.

ಎರಡನೆಯ ಉತ್ತರ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. 1988ರಲ್ಲಿ ಬಂದ ಹಾಕಿಂಗ್ ಅವರ ಪುಸ್ತಕವನ್ನು ಹೆಸರು ನೋಡಿ ಆರಿಸುವವರೇ ಹೆಚ್ಚು. ಅದರ ಬಹುಭಾಗ ವಿಶ್ವದ ಹುಟ್ಟು ಮತ್ತು ಕಪ್ಪುಕುಳಿಗಳಿಗೆ ಮೀಸಲಾಗಿದೆ. ಕಾಲದ ಬಾಣವನ್ನು, ಅಂದರೆ ಕಾಲ ಮುಂದಕ್ಕಷ್ಟೇ ಏಕೆ ಸಾಗುತ್ತದೆ ಎಂಬುದನ್ನು, ಕುರಿತ ಅಧ್ಯಾಯವೊಂದನ್ನೇ ಓದಿದರೆ ನಿಮ್ಮ ಉದ್ದೇಶಕ್ಕೆ ಸಾಕು.

ಅದರ ಬದಲು ಎರಡು ತೆಳ್ಳನೆಯ ಪುಸ್ತಕಗಳನ್ನು ಜೋಡಿಯಾಗಿ ಓದಬೇಕೆಂದು ನನ್ನ ಆಗ್ರಹ: ಆಲನ್ ಲೈಟ್‌ಮನ್ ಅವರ ‘ಐನ್‌ಸ್ಟೈನ್ಸ್ ಡ್ರೀಮ್ಸ್’ ಮತ್ತು ಇಟಲಿಯ ಕಾರ್ಲೋ ರೊವೆಲ್ಲಿ ಅವರ ‘ದಿ ಆರ್ಡರ್ ಆಫ್ ಟೈಮ್’. ಮೊದಲನೆಯದರಲ್ಲಿ 1905ರ ಬರ್ನ್ ನಗರದ ಪೇಟೆಂಟ್ ಕಚೇರಿಯ ಯುವ ಗುಮಾಸ್ತನಿಗೆ ಬೀಳುವ ಒಂದೊಂದು ಕನಸಿನಲ್ಲೂ ಕಾಲ ಒಂದೊಂದು ಬಗೆಯಲ್ಲಿ ನಡೆಯುತ್ತದೆ. ಒಂದು ಕನಸಿನ ಲೋಕದಲ್ಲಿ ಎತ್ತರಕ್ಕೆ ಹೋದಷ್ಟೂ ಕಾಲ ನಿಧಾನವಾಗುವುದರಿಂದ, ಮುಪ್ಪನ್ನು ಮುಂದೂಡಲು ಜನರು ಬೆಟ್ಟಗಳ ಮೇಲೆ ಕಂಬ ನಿಲ್ಲಿಸಿ ಮನೆ ಕಟ್ಟಿಕೊಳ್ಳುತ್ತಾರೆ. ರೊವೆಲ್ಲಿ ತಮ್ಮ ಪುಸ್ತಕವನ್ನು ಆರಂಭಿಸುವುದು ಇದಕ್ಕೆ ನೇರ ವಿರುದ್ಧವಾದ ಸಂಗತಿಯಿಂದ: ನಿಜದಲ್ಲಿ ಬೆಟ್ಟದ ಮೇಲೆ ಕಾಲ ವೇಗವಾಗಿಯೂ ಕಡಲ ಮಟ್ಟದಲ್ಲಿ ನಿಧಾನವಾಗಿಯೂ ಸಾಗುತ್ತದೆ. ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು, ವೇಗದಿಂದ ಆಗುವ ಹಿಂದುಳಿಕೆಯನ್ನು ಕಳೆದ ಮೇಲೂ, ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡಿನಷ್ಟು ಮುಂದೋಡುವುದರಿಂದ ಅವನ್ನು ತಿದ್ದಿಯೇ ಬಳಸಬೇಕಾಗಿದೆ. ಸ್ವತಃ ಭೌತವಿಜ್ಞಾನಿಯಾದ ಲೈಟ್‌ಮನ್ ಕನಸಿನಲ್ಲಿ ಇದನ್ನು ತಿರುವುಮುರುವಾಗಿಸಿದ್ದೇಕೆ ಎಂಬ ಒಂದೇ ಪ್ರಶ್ನೆಯಿಂದ ನಿಮ್ಮ ಚರ್ಚೆಯನ್ನು ಆರಂಭಿಸಬಹುದು.

ಮೂರನೆಯ ಉತ್ತರ

ಮೊದಲ ಉತ್ತರದ ಅಳತೆ ಕಾದಂಬರಿಗೆ ಹೊಂದುತ್ತದೆ, ಇತಿಹಾಸದ ಬರಹಕ್ಕೆ ಹೊಂದುವುದಿಲ್ಲ. ಡಾವಾ ಸೊಬೆಲ್ ಅವರ ‘ಲಾಂಜಿಟ್ಯೂಡ್’ (1995) ತೀರ ನೇರವಾಗಿ ಹೇಳಿದ ಚರಿತ್ರೆಯಾದರೂ ಅದನ್ನು ಬಿಡಬಾರದೆಂದು ನನ್ನ ಅಭಿಪ್ರಾಯ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಹೊರಟ ಬಂದರಿನ ಸಮಯವನ್ನು ತಪ್ಪಿಲ್ಲದೆ ತೋರಿಸುವ ಗಡಿಯಾರ ಹಡಗಿನಲ್ಲಿದ್ದರೆ, ಅದನ್ನು ಸೂರ್ಯನಿಂದ ತಿಳಿಯುವ ಅಲ್ಲಿನ ಸಮಯದೊಂದಿಗೆ ಹೋಲಿಸಿ ನಡುಗಡಲಿನಲ್ಲೂ ರೇಖಾಂಶ ತಿಳಿಯಬಹುದು; ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡ್‌ಗಳವರೆಗಿನ ಬಹುಮಾನ ಘೋಷಿಸಿದ ಈ ಸಮಸ್ಯೆಗೆ ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ತನ್ನ ಬಾಳನ್ನೇ ತೆತ್ತ. ಗಡಿಯಾರದ ಹಿಂದೆ ಅಧಿಕಾರವೂ ಇದೆ ಎಂಬುದನ್ನು ಭಾರತದ ಉದಾಹರಣೆಯಿಂದಲೇ ಚರ್ಚಿಸಬಹುದು. 1906ರಲ್ಲಿ ದೇಶಕ್ಕೊಂದೇ ಸಮಯ ಬಂದ ಮೇಲೂ, ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನದೇ ಸಮಯವನ್ನು ಮುಂಬಯಿ ನಗರ 1955ರವರೆಗೆ ಬಿಟ್ಟುಕೊಡಲಿಲ್ಲ.

ನಾಲ್ಕನೆಯ ಉತ್ತರ

ಕಾಲಯಾನದ ಕಥೆಯೊಂದಾದರೂ ಬೇಕೆಂದು ಕಿರಿಯರು ಕೇಳುವುದು ಖಚಿತ. ವೆಲ್ಸ್ ಅವರ ‘ದಿ ಟೈಮ್ ಮಷೀನ್’ (1895) ಚಿಕ್ಕದು, ಸೊಗಸಾದದ್ದು. ಆದರೂ ಒಂದನ್ನೇ ಆರಿಸುವುದಾದರೆ ನನ್ನ ಮತ ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಕಾದಂಬರಿಗೆ. 1976ರ ಅಮೆರಿಕದ ಕರಿಯ ಲೇಖಕಿಯೊಬ್ಬಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಮತ್ತೆ ಮತ್ತೆ ಸೆಳೆಯಲ್ಪಟ್ಟು, ತನ್ನ ವಂಶ ಉಳಿಯಬೇಕಾದರೆ ಗುಲಾಮರ ಒಡೆಯನಾಗಲಿರುವ ಪೂರ್ವಜನ ಪ್ರಾಣವನ್ನೇ ಕಾಪಾಡಬೇಕಾಗುತ್ತದೆ.

ಜೊತೆಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯನ್ನು ಯಾವ ತಿಂಗಳಿಗೂ ಕಟ್ಟಿಹಾಕದೆ, ಆರೂ ತಿಂಗಳ ಬದಿಯೋದಾಗಿ ಇಟ್ಟುಕೊಳ್ಳಿ. ಒಂದು ಹಾದಿಯಲ್ಲಿ ಒಬ್ಬರು ನಡೆಯುತ್ತಿರುವಾಗಲೇ ಮಲೆನಾಡಿನ ಬೇರೆ ಬೇರೆ ಮನೆಗಳಲ್ಲಿ ಏನೇನು ನಡೆಯುತ್ತಿತ್ತು ಎಂದು ಹಿಂದಿರುಗಿ ಹಿಂದಿರುಗಿ ಹೇಳುವ ಆ ಕೃತಿಯನ್ನು ಅವಸರದಲ್ಲಿ ಓದಿದರೆ ದಕ್ಕುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಜನವರಿಗೆ ಕಾರಂತರು, ಫೆಬ್ರುವರಿಗೆ ಲೈಟ್‌ಮನ್ ಮತ್ತು ರೊವೆಲ್ಲಿ, ಮಾರ್ಚ್‌ಗೆ ಸೊಬೆಲ್, ಏಪ್ರಿಲ್ ಮತ್ತು ಮೇ ತಿಂಗಳಿಗೆ ‘ಪರ್ವ’, ಜೂನ್‌ಗೆ ಬಟ್ಲರ್ ಎಂದು ಬಳಗದ ಮುಂದಿಡುತ್ತೇನೆ. ಕುವೆಂಪು ಬದಿಯೋದಾಗಿ ಇರುತ್ತಾರೆ. ಫೆಬ್ರುವರಿ, ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಕನ್ನಡವನ್ನಷ್ಟೇ ಓದುವವರು ಏನು ಮಾಡಬೇಕು ಎಂಬುದೊಂದೇ ಈಗ ಉಳಿದಿರುವ ತೊಡಕು.

ಎರಡನೆಯ ಉತ್ತರ ಬರೆದವರಿಂದ

ಲೈಟ್‌ಮನ್ ಅವರ ಕನಸುಗಳು ಕೆಲವೇ ಪುಟಗಳವು. ಇಂಗ್ಲಿಷ್ ಬಲ್ಲವರು ಆಳಿಗೊಂದರಂತೆ ಹಂಚಿಕೊಂಡು ಚರ್ಚೆಯ ದಿನ ಕನ್ನಡದಲ್ಲಿ ಹೇಳಲಿ. ಸೊಬೆಲ್ ಮತ್ತು ಬಟ್ಲರ್ ಅವರನ್ನೂ ಅಧ್ಯಾಯಗಳಾಗಿ ಹಂಚಿಕೊಂಡು, ವಾರಕ್ಕೊಂದು ಸಂಜೆ ಸೇರಿ ಕಥೆ ಹೇಳಿದಂತೆ ಹೇಳಬಹುದು. ರೊವೆಲ್ಲಿ ಅವರ ಮೊದಲ ಅಧ್ಯಾಯಗಳನ್ನು ವಿವರಿಸಲು ಯಾರೂ ಮುಂದೆ ಬಾರದಿದ್ದರೆ ತಿಳಿಸಿ, ನಾನು ಮೈಸೂರಿನಲ್ಲೇ ಇದ್ದೇನೆ.