ಪಾಟಾ, ತಿದಿ, ಪುಗ್ಗಾ: ಹಳೇ ಪಿಕಪ್ಪಿನ ಏರ್ ಸಸ್ಪೆನ್ಷನ್ನಿಗೆ ಯಾವ ಮಾತು ಸರಿ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಒಂದು ಗ್ಯಾರೇಜಿನಲ್ಲಿ ಹಳೇ ಫಾರ್ಗೋ ಪಿಕಪ್ಪಿಗೆ ಏರ್ ಸಸ್ಪೆನ್ಷನ್, ಅಂದರೆ ಗಾಡಿಯ ಭಾರ ಹೊರುವ ಗಾಳಿ ತುಂಬಿದ ರಬ್ಬರ್ ಚೀಲ, ಹಾಕುತ್ತಿದ್ದಾರೆ. ಕಿಟ್ ಜೊತೆ ಬಂದ ಸೂಚನೆ ಪೂರ್ತಿ ಇಂಗ್ಲಿಷಿನಲ್ಲಿದೆ. ಹುಡುಗರು ಓದಿಕೊಂಡು ಕೆಲಸ ಮಾಡುವ ಹಾಗೆ ಕನ್ನಡದಲ್ಲಿ ಎರಡು ಹಾಳೆ ಬರೆದುಕೊಡಿ ಅಂತ ಗ್ಯಾರೇಜಿನವರು ಕೇಳಿದ್ದಾರೆ. ಬರೆಯೋಕೆ ಕೂತರೆ ಕೆಲವು ಪದಗಳ ಹತ್ತಿರ ಕೈ ನಿಲ್ಲುತ್ತಿದೆ. ನಿಮ್ಮ ಅಭಿಪ್ರಾಯ ಬೇಕು.

ಲೀಫ್ ಸ್ಪ್ರಿಂಗಿನಿಂದ ಶುರು ಮಾಡುತ್ತೇನೆ. ಇದಕ್ಕೆ ನಮ್ಮ ಕಡೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ಲಾರಿಯವರ ಬಾಯಲ್ಲಿ ಇರೋದು ‘ಪಾಟಾ’. “ಮೇನ್ ಪಾಟಾ ಕಟ್ಟಾಗೇತ್ರಿ”, “ಹಿಂದಿನ ಪಾಟಾ ಕುಂತಾವ್ರೀ”. ಮರಾಠಿಯಲ್ಲೂ ಇದೇ ಪದ ಇದೆ. ಬೆಂಗಳೂರಿನ ಕಡೆ ‘ಪ್ಲೇಟ್’ ಅನ್ನೋದನ್ನು ಕೇಳಿದ್ದೇನೆ. ‘ಎಲೆ ಸ್ಪ್ರಿಂಗ್’, ‘ಪರ್ಣ ಸ್ಪ್ರಿಂಗ್’ ಅಂತ ಬರೆದರೆ ಮಾತ್ರ ಗ್ಯಾರೇಜಿನಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳನ್ನು ನೋಡಿದವರಿಗೆ ಎಲೆ ಯಾಕೆ ನೆನಪಾಗಬೇಕು?

ಪಾಟಾ ಜೊತೆಗೆ ‘ಕಮಾನು’ ಅನ್ನೋ ಮಾತೂ ಇದೆ. ಪಾರಸಿಯ ಕಮಾನ್ ಅಂದರೆ ಬಿಲ್ಲು. ಬಾಗಿದ ಪಾಟಾ ಬಿಲ್ಲಿನ ಆಕಾರದಲ್ಲೇ ಇರುವುದರಿಂದ ಹೆಸರು ಚೆನ್ನಾಗಿ ಹೊಂದುತ್ತದೆ. ಇದು ಮೋಟಾರು ಬರುವುದಕ್ಕೂ ಮೊದಲಿನ ವಸ್ತು. 1804ರಲ್ಲಿ ಲಂಡನ್ನಿನ ಒಬಾಡಯ ಎಲಿಯಟ್ ಕುದುರೆ ಗಾಡಿಗೆ ಇಂಥ ಸ್ಪ್ರಿಂಗ್ ಹಾಕೋದಕ್ಕೆ ಪೇಟೆಂಟ್ ತಗೊಂಡ. ನಮ್ಮ ಟಾಂಗಾಗಳ ಕೆಳಗೂ ಕಮಾನು ಇರುತ್ತಿತ್ತು, ಚಕ್ಕಡಿಗೆ ಇರಲಿಲ್ಲ. ಎರಡರಲ್ಲೂ ಕೂತು ಹೋದವರಿಗೆ ಕಮಾನಿನ ಬೆಲೆ ಸೊಂಟಕ್ಕೇ ಗೊತ್ತಿರುತ್ತದೆ.

ಇಲ್ಲಿ ನನಗೆ ಬಂದ ತೊಡಕು ಬೇರೆ. ‘ಪಾಟಾ’ ಅನ್ನೋದು ಒಂದು ಪಟ್ಟಿಗೂ ಆಗುತ್ತದೆ, ಇಡೀ ಜೋಡಣೆಗೂ ಆಗುತ್ತದೆ. ಮಾತಿನಲ್ಲಿ ತೊಂದರೆ ಇಲ್ಲ, ಎದುರಿಗೆ ಗಾಡಿ ಇರುತ್ತದೆ. ಬರಹದಲ್ಲಿ “ಪಾಟಾ ತೆಗೆಯಿರಿ” ಅಂದರೆ ಒಂದೋ ಎಲ್ಲವೋ? ಗಾಳಿ ಚೀಲ ಹಾಕುವಾಗ ಸವಾರಿ ಮೆತ್ತಗಾಗಲಿ ಅಂತ ಒಂದೆರಡು ಪಟ್ಟಿ ಮಾತ್ರ ಕಡಿಮೆ ಮಾಡುವವರಿದ್ದಾರೆ, ಪೂರ್ತಿ ಬಿಚ್ಚಿ ಹಾಕುವವರೂ ಇದ್ದಾರೆ. ಇವೆರಡೂ ತೀರಾ ಬೇರೆ ಕೆಲಸಗಳು. ಹಾಗಾಗಿ ಒಂದಕ್ಕೆ ‘ಪಾಟಾ’, ಪೂರ್ತಿಗೆ ‘ಪಾಟಾ ಸೆಟ್’ ಅಂತ ಬರೆದಿದ್ದೇನೆ. ಸರಿಯಾಯಿತಾ?

ಇನ್ನು ‘ಸಸ್ಪೆನ್ಷನ್’. ಇದಕ್ಕೆ ‘ನಿಲಂಬನ’, ‘ತೂಗು ವ್ಯವಸ್ಥೆ’ ಅಂತೆಲ್ಲ ಬರೆಯಬಹುದು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಯುರೋಪಿನ ಹಳೇ ಸಾರೋಟುಗಳ ತೊಟ್ಟಿಲನ್ನು ಚರ್ಮದ ಪಟ್ಟಿಯಿಂದ ನಿಜವಾಗಿಯೂ ತೂಗುಹಾಕುತ್ತಿದ್ದರು. ಅಲ್ಲಿ ಆ ಮಾತಿಗೆ ಅರ್ಥವಿತ್ತು. ಪಿಕಪ್ಪಿನಲ್ಲಿ ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಎಲ್ಲೂ ತೂಗುವುದಿಲ್ಲ, ಪಾಟಾದ ಮೇಲೆ ಕೂತಿರುತ್ತದೆ. ತೂಗು ಅನ್ನೋ ಪದ ಓದುವವನ ಕಣ್ಣನ್ನು ತಪ್ಪು ಕಡೆಗೆ ತಿರುಗಿಸುತ್ತದೆ. ‘ಸಸ್ಪೆನ್ಷನ್’ ಅಂತಲೇ ಬಿಟ್ಟಿದ್ದೇನೆ. ಎಲ್ಲರಿಗೂ ಗೊತ್ತಿರುವ ಪದ, ಸುಮ್ನೆ ಅದನ್ನು ಕದಲಿಸೋದು ಬೇಡ.

ಕಷ್ಟವಾಗಿರೋದು ಏರ್ ಬ್ಯಾಗ್. ಹೌಸಿಂಗಿಗೂ (ಹಿಂದಿನ ಎರಡು ಚಕ್ರಗಳ ನಡುವಿನ ಅಚ್ಚಿನ ಕವಚ) ಚಾಸಿಗೂ ನಡುವೆ ಕೂರುವ ದಪ್ಪ ರಬ್ಬರಿನ ಚೀಲ ಅದು, ಒಳಗೆ ಗಾಳಿ. ‘ಏರ್ ಬ್ಯಾಗ್’ ಅಂತ ಹಾಗೇ ಬರೆದರೆ ಕಾರಿನ ಸ್ಟೇರಿಂಗಿನಲ್ಲಿ ಅಪಘಾತವಾದಾಗ ಬಿಚ್ಚಿಕೊಳ್ಳುವ ಚೀಲ ಅಂತಲೇ ಈಗ ಎಲ್ಲರೂ ತಿಳಿಯುತ್ತಾರೆ. ಬಸ್ಸಿನ ಮೆಕ್ಯಾನಿಕ್ಕುಗಳು ‘ಬಲೂನ್’ ಅಥವಾ ‘ಬೆಲ್ಲೋ’ ಅನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ನಮ್ಮ ಚಿಗರಿ ಬಸ್ಸುಗಳ ಕೆಳಗಿರುವುದೂ ಇದೇ ಜಾತಿಯ ಚೀಲ. ಗ್ಯಾರೇಜಿನ ಹುಡುಗರು ಈಗಾಗಲೇ ‘ಪುಗ್ಗಾ’ ಅಂತ ಶುರು ಮಾಡಿದ್ದಾರೆ. ಪುಗ್ಗಾ ಅಂದರೆ ನಮ್ಮಲ್ಲಿ ಜಾತ್ರೆಯ ಬಲೂನು. ಕೇಳೋಕೆ ಚೆಂದ, ತಕ್ಷಣ ಅರ್ಥವೂ ಆಗುತ್ತದೆ. ಆದರೆ ಪುಗ್ಗಾ ಅಂದಮೇಲೆ ಊದಿದಷ್ಟೂ ಹಿಗ್ಗುತ್ತದೆ, ಕೊನೆಗೆ ಒಡೆಯುತ್ತದೆ ಅನ್ನೋ ಭಾವನೆ ಬಂದುಬಿಡುತ್ತದೆ. ಈ ಚೀಲದ ರಬ್ಬರಿನೊಳಗೆ ನೂಲಿನ ಹೆಣಿಗೆ ಇದೆ. ಪಾಟಾಗೆ ನೆರವಾಗಿ ಹಾಕುವ ಇಂಥ ಚೀಲಗಳಿಗೆ ಸಾಮಾನ್ಯವಾಗಿ 5 ಪೌಂಡಿಗಿಂತ ಕಡಿಮೆ ಗಾಳಿ ಇರಬಾರದು, 100 ಪೌಂಡ್ ದಾಟಬಾರದು ಅಂತ ಬರೆದಿರುತ್ತಾರೆ. ಗಾಳಿ ಪೂರ್ತಿ ಇಳಿದರೆ ಚೀಲ ಮಡಚಿಕೊಂಡು ತನಗೆ ತಾನೇ ಉಜ್ಜಿ ಹಾಳಾಗುತ್ತದೆ. ಅಂದರೆ ಜಾಸ್ತಿ ಗಾಳಿಯಷ್ಟೇ ಕಡಿಮೆ ಗಾಳಿಯೂ ಕೆಟ್ಟದ್ದು. ‘ಪುಗ್ಗಾ’ ಅಂದರೆ ಈ ಎರಡನೇ ಮಾತು ತಲೆಗೆ ಹೋಗೋದಿಲ್ಲ ಅಂತ ನನ್ನ ಅನುಮಾನ. (ಗಾಳಿಯ ಒತ್ತಡದ ಅಳತೆಯಾದ ಪಿಎಸ್ಐ ಅನ್ನೋದನ್ನು ‘ಪೌಂಡ್’ ಅಂತಲೇ ಬರೆದಿದ್ದೇನೆ. ಟೈರಿಗೆ ಗಾಳಿ ಹಿಡಿಯುವಾಗ ಎಲ್ಲರೂ ಹೇಳೋದೇ ಹಾಗೆ.)

ನನಗೆ ಮನಸ್ಸಿರುವುದು ‘ತಿದಿ’ ಮೇಲೆ. ಕಮ್ಮಾರರ ಕುಲುಮೆಗೆ ಗಾಳಿ ಊದುವ ಚರ್ಮದ ಚೀಲ. ಇಂಗ್ಲಿಷಿನ ಬೆಲ್ಲೋಸ್ ಕೂಡ ಅದೇ ಕುಲುಮೆಯಿಂದ ಎದ್ದು ಬಸ್ಸಿನ ಕೆಳಗೆ ಬಂದು ಕೂತ ಪದ. ಕಿಟ್ಟಿನಲ್ಲಿ ಬಂದಿರುವ ಚೀಲಕ್ಕೆ ಹಾರ್ಮೋನಿಯಂ ಹಿಂಬದಿಯ ಹಾಗೆ ಮಡಿಕೆಗಳಿವೆ, ನೋಡಿದ ಕೂಡಲೇ ತಿದಿ ಅನ್ನಿಸುತ್ತದೆ. ಇದಕ್ಕೆ ಒಂದು ಆಕ್ಷೇಪ ಬರಬಹುದು. ತಿದಿ ಗಾಳಿಯನ್ನು ಊದಿ ಬಿಡುತ್ತದೆ, ಇದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಲಸ ಉಲ್ಟಾ ಅಲ್ವಾ ಅಂತ. ನ್ಯಾಯವಾದ ಮಾತು. ಆದರೆ ತಿದಿಯ ಜೊತೆಗೇ ಕನ್ನಡದಲ್ಲಿ ‘ತಿತ್ತಿ’ ಇದೆ, ತೊಗಲಿನ ಚೀಲ ಅನ್ನೋ ಅರ್ಥದಲ್ಲಿ. ತೆಲುಗಿನ ತಿತ್ತಿ ಚೀಲಕ್ಕೂ ಆಗುತ್ತದೆ, ಕುಲುಮೆಯ ತಿದಿಗೂ ಆಗುತ್ತದೆ. ಹಿಡಿದಿಡುವ ಅರ್ಥ ಈ ಪದದ ಬಳಗದಲ್ಲೇ ಇದೆ ಅಂದಹಾಗಾಯಿತು. ‘ಗಾಳಿತಿದಿ’ ಅಂತ ಬರೆದರೆ ಹೇಗೆ? ಹೆಚ್ಚು ಉದ್ದವಾಯಿತು ಅನ್ನಿಸಿದರೆ ಬರೀ ‘ತಿದಿ’ಯೇ ಸಾಕೇನೋ. ಬ್ಲ್ಯಾಕ್‌ಬಕ್ಕಿಗೆ ನಾವು ಹೇಳುವ ಚಿಗರಿ ಅನ್ನೋ ಪದವೇ ಹವಾನಿಯಂತ್ರಿತ ಬಸ್ಸಿನ ಹೆಸರಾಯಿತು, ಈಗ ಹುಬ್ಬಳ್ಳಿ-ಧಾರವಾಡದಲ್ಲಿ “ಚಿಗರಿಗೆ ಹೋಗೂಣು” ಅಂದರೆ ಯಾರೂ ತಿರುಗಿ ನೋಡೋದಿಲ್ಲ. ತಿದಿಗೂ ಅಂಥ ಬಾಳು ಬರಬಹುದು ಅಂತ ನನ್ನ ಆಸೆ.

ಪದ ಯಾವುದಾದರೂ ಇರಲಿ, ಒಂದು ವಿಷಯದಲ್ಲಿ ಗೊಂದಲ ಆಗಬಾರದು. “ಪಾಟಾ ಬದಲು ತಿದಿ” ಅಂತ ಬರೆದುಬಿಟ್ಟರೆ ಅಪಾಯ. ಪಾಟಾ ಮಾಡೋದು ಎರಡು ಕೆಲಸ. ಭಾರ ಹೊರುತ್ತದೆ. ಜೊತೆಗೆ ಹೌಸಿಂಗನ್ನು ಜಾಗದಲ್ಲಿ ಹಿಡಿದಿರುತ್ತದೆ: ಮೇನ್ ಪಾಟಾದ ಒಂದು ತುದಿ ಪಿನ್ನಿನಿಂದ ಚಾಸಿಗೆ ಸಿಕ್ಕಿರುತ್ತದೆ, ಇನ್ನೊಂದು ತುದಿ ಶಾಕಲ್ ಅನ್ನೋ ಕೊಂಡಿಯಲ್ಲಿ ಆಡುತ್ತದೆ, ನಡುವೆ ಯು ಬೋಲ್ಟ್ ಹೌಸಿಂಗನ್ನು ಬಿಗಿದಿರುತ್ತದೆ. ಬ್ರೇಕ್ ಹಾಕಿದಾಗ, ಗೇರಿನಲ್ಲಿ ಎಳೆದಾಗ ಹೌಸಿಂಗ್ ಹಿಂದೆಮುಂದೆ ಸರಿಯದಂತೆ, ತಿರುಚದಂತೆ ತಡೆಯೋದು ಅದೇ ಪಾಟಾ. ತಿದಿಗೆ ಬರೋದು ಹೊರುವ ಕೆಲಸ ಒಂದೇ. ಪಾಟಾ ಸೆಟ್ ಪೂರ್ತಿ ತೆಗೆದರೆ ಹಿಡಿಯುವ ಕೆಲಸಕ್ಕೆ ಬೇರೆ ರಾಡುಗಳು ಬೇಕು. ಇಂಗ್ಲಿಷಿನಲ್ಲಿ ಫೋರ್ ಲಿಂಕ್ ಅನ್ನೋದು ಇವನ್ನೇ, ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಹಾಕುವ ಪ್ಯಾನ್‌ಹಾರ್ಡ್ ರಾಡ್ ಬೇರೆ. ಹಾಗಾಗಿ ನನ್ನ ಹಾಳೆಯಲ್ಲಿ ‘ಹೊರುವ ಭಾಗ’, ‘ಹಿಡಿಯುವ ಭಾಗ’ ಅಂತ ಎರಡು ತಲೆಬರಹ ಮಾಡಿದ್ದೇನೆ. ರಾಡುಗಳಿಗೆ ‘ಹಿಡಿ ರಾಡು’, ‘ಅಡ್ಡ ರಾಡು’ ಅಂತ ಇಟ್ಟಿದ್ದೇನೆ. ಈ ಪಿಕಪ್ಪಿನಲ್ಲಿ ಪಾಟಾ ಉಳಿಸಿಕೊಂಡು ನೆರವಿಗೆ ಮಾತ್ರ ತಿದಿ ಹಾಕುತ್ತಿರುವುದರಿಂದ ರಾಡಿನ ಮಾತು ಸದ್ಯಕ್ಕೆ ಬೇಕಾಗಿಲ್ಲ. ಆದರೂ ಬರೆದಿಡೋದು ಒಳ್ಳೆಯದು, ಮುಂದಿನ ಗಾಡಿಗೆ ಯಾರೋ ಪಾಟಾ ಬಿಚ್ಚಿಯೇ ಬಿಚ್ಚುತ್ತಾರೆ.

ಒಂದು ಕ್ರಿಯಾಪದದ ಬಗ್ಗೆಯೂ ಕೇಳಬೇಕು. ಪಾಟಾದ ಬಾಗು ಹೋಗಿ ಚಪ್ಪಟೆಯಾದರೆ “ಗಾಡಿ ಕೂತಿದೆ” ಅನ್ನುತ್ತೇವೆ. ಅದು ದೋಷ. ತಿದಿಯ ಗಾಳಿ ಬಿಟ್ಟು ಗಾಡಿಯನ್ನು ಬೇಕಂತಲೇ ತಗ್ಗಿಸಿದರೂ ಬಾಯಿಗೆ ಬರೋದು ಅದೇ ‘ಕೂತಿದೆ’. ಇಲ್ಲಿ ನಾನು ಮಾಡಿರೋದು ಇಷ್ಟೇ: ತಾನಾಗಿ ಆದರೆ ‘ಕೂತಿದೆ’, ನಾವು ಮಾಡಿದರೆ ‘ಕೂರಿಸಿದೆ’, ‘ಎಬ್ಬಿಸಿದೆ’. “ರಾತ್ರಿ ಎಬ್ಬಿಸಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಕೂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.” ಈ ವಾಕ್ಯವನ್ನು ಹುಡುಗರಿಗೆ ಓದಿ ಹೇಳಿದೆ. ಯಾರೂ ಅರ್ಥ ಕೇಳಲಿಲ್ಲ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಊರಿನ ಕಮ್ಮಾರಸಾಲೆಯಲ್ಲಿ ಇವತ್ತಿಗೂ ‘ತಿದಿ’ ಅನ್ನುತ್ತಾರಾ, ಫ್ಯಾನ್ ಬಂದಮೇಲೆ ಪದ ಬಿಟ್ಟುಹೋಗಿದೆಯಾ? ಧಾರವಾಡ, ಗದಗದ ಕಡೆ ಪೇಟಿ (ಹಾರ್ಮೋನಿಯಂ) ನುಡಿಸುವವರು ಅದರ ಗಾಳಿಯ ಭಾಗಕ್ಕೆ ‘ತಿದಿ’ ಅನ್ನುತ್ತಾರೋ, ಮರಾಠಿಯ ‘ಭಾತಾ’ ಅನ್ನುತ್ತಾರೋ? ಭಾತಾ ಬಳಕೆಯಲ್ಲಿದ್ದರೆ ಅದನ್ನೂ ಯೋಚಿಸಬಹುದು. ಮೇನ್ ಪಾಟಾದ ತುದಿಯಲ್ಲಿ ಪಿನ್ ತೂರುವ ಸುರುಳಿಗೆ ನಿಮ್ಮ ಕಡೆ ಏನು ಹೇಳುತ್ತಾರೆ? ಮಂಗಳೂರು, ಶಿವಮೊಗ್ಗ ಕಡೆಯ ಲಾರಿ ಮಾತು ಗೊತ್ತಿರುವವರು ದಯವಿಟ್ಟು ಬರೆಯಿರಿ. ಹಾಳೆ ಅಚ್ಚಿಗೆ ಹೋಗೋದು ಮುಂದಿನ ವಾರ. ಅಷ್ಟರೊಳಗೆ ಯಾರಾದರೂ ತಿದಿಗಿಂತ ಒಳ್ಳೆಯ ಪದ ಕೊಟ್ಟರೆ ಖಂಡಿತ ಬದಲಾಯಿಸುತ್ತೇನೆ.